ಕ್ಲೈಮ್ಯಾಕ್ಸಿಗೆ ಏಳುವ ಮನುಷ್ಯ

ನಮ್ಮಪ್ಪ ನೋಡಿದಷ್ಟು ಸಿನಿಮಾಗಳನ್ನು ನಮ್ಮೂರಿನಲ್ಲಿ ಇನ್ನೊಬ್ಬರು ನೋಡಿರಲಿಕ್ಕಿಲ್ಲ. ಅವುಗಳಲ್ಲಿ ಒಂದರ ಕೊನೆಯನ್ನೂ ಅವನು ನೋಡಿದವನಲ್ಲ. ಹೀಗೆಂದರೆ ಜನ ನಗುತ್ತಾರೆ, ಇವಳು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ಎಡಕ್ಕೆ ಅಂದರೆ ಎಡಕ್ಕೆ, ನಿಲ್ಲಿಸು ಅಂದರೆ ನಿಲ್ಲಿಸು. ಸುತ್ತಿ ಬಳಸಿ ಮಾತಾಡಿದರೆ ನನ್ನ ಕಸುಬಿನಲ್ಲಿ ಗಾಡಿ ಚರಂಡಿಗೆ ಇಳಿಯುತ್ತದೆ.

ಅಪ್ಪ ಟಾಕೀಸಿನ ಗಾಡಿ ಸ್ಟ್ಯಾಂಡು ನೋಡಿಕೊಳ್ಳುತ್ತಿದ್ದ. ಮೊದಲು ಬರೀ ಸೈಕಲ್ಲುಗಳು, ಆಮೇಲೆ ಸ್ಕೂಟರು, ಬೈಕು, ಕೊನೆಕೊನೆಗೆ ಒಂದಿಷ್ಟು ಕಾರುಗಳು. ಸಿನಿಮಾ ಶುರುವಾಗುವ ಹೊತ್ತಿಗೆ ಜನ ಎದ್ದೂ ಬಿದ್ದೂ ಬರುತ್ತಾರೆ. ಒಬ್ಬೊಬ್ಬರಿಗೂ ಟೋಕನ್ ಕೊಟ್ಟು, ಗಾಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಸರಪಳಿ ಎಳೆದು ಬೀಗ ಹಾಕುವಷ್ಟರಲ್ಲಿ ಒಳಗೆ ಹೆಸರುಗಳೆಲ್ಲ ಮುಗಿದು ಒಂದು ಹಾಡೂ ಆಗಿಹೋಗಿರುತ್ತಿತ್ತು. ಆಗ ಅಪ್ಪ ಪಕ್ಕದ ಬಾಗಿಲಿನಿಂದ ನುಸುಳಿ, ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಸಿನಿಮಾ ಮುಗಿಯುವ ಮುಂಚೆ ಅವನು ಹೊರಗಿರಬೇಕು. ಹೀರೋ ಬದುಕಲಿ ಸಾಯಲಿ, ಹೊರಗೆ ಬಂದ ಜನರಿಗೆ ಮೊದಲು ಬೇಕಾಗುವುದು ಅವರವರ ಗಾಡಿ. ಆ ಹೊತ್ತಿನಲ್ಲಿ ಸ್ಟ್ಯಾಂಡಿನವನು ಜಾಗದಲ್ಲಿ ಇಲ್ಲದಿದ್ದರೆ ಅಲ್ಲಿ ಇನ್ನೊಂದು ಫೈಟಿಂಗ್ ಸೀನು ಶುರುವಾಗುತ್ತದೆ.

ಅವನಿಗೆ ಗಡಿಯಾರ ಬೇಕಾಗಿರಲಿಲ್ಲ. ವಿಲನ್ನು ಹೀರೋನ ತಾಯಿಯನ್ನು ತಂದು ಕಂಬಕ್ಕೆ ಕಟ್ಟಿದ ಅಂದರೆ ಅಪ್ಪನ ಕಾಲು ತಾನಾಗಿ ಬಾಗಿಲ ಕಡೆ ತಿರುಗುತ್ತಿತ್ತು. ಎಷ್ಟು ತಾಯಂದಿರನ್ನು ಕಟ್ಟಿದ್ದನ್ನು ನೋಡಿದನೋ ಏನೋ, ಒಬ್ಬಳ ಕಟ್ಟು ಬಿಚ್ಚಿದ್ದನ್ನೂ ನೋಡಲಿಲ್ಲ.

ಆದರೂ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಇಡೀ ಕತೆ ಹೇಳುತ್ತಿದ್ದ, ಕೊನೆಯನ್ನೂ ಸೇರಿಸಿ. ಅದೂ ಅನುಮಾನದಿಂದಲ್ಲ, ಕಡ್ಡಿ ಮುರಿದಂತೆ. "ಕೊನೆಗೆ ಇಬ್ಬರೂ ಒಂದಾದ್ರು." "ಕೊನೆಗೆ ಹೋಗಿಬಿಟ್ಟ ಪಾಪ, ಹೆಂಡತಿ ಒಬ್ಬಳೇ ಆದ್ಲು." ನೋಡದೆ ಹೇಗೆ ಹೇಳ್ತೀಯ ಅಂತ ನಾನು ಪೀಡಿಸಿದರೆ, "ಗೊತ್ತಾಗುತ್ತೆ ಕಣೇ" ಅಂದು ಊಟ ಮುಂದುವರಿಸುತ್ತಿದ್ದ.

"ಬುರುಡೆ," ಎನ್ನುತ್ತಿದ್ದಳು ಅಮ್ಮ. "ನಿಮ್ಮಪ್ಪ ಬಿಡೋದೆಲ್ಲ ಬುರುಡೆ. ತಟ್ಟೆ ನೋಡ್ಕೊಂಡು ಊಟ ಮಾಡು."

ಕೊನೆಗೆ ಮುಂಚೆ ಏಳುವ ಆ ಚಾಳಿ ಟಾಕೀಸಿನಲ್ಲೇ ಉಳಿದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಅದು ಅಪ್ಪನ ಜೊತೆ ಎಲ್ಲ ಕಡೆಗೂ ಬಂತು. ಮದುವೆಮನೆಯಲ್ಲಿ, ಭಾಷಣದಲ್ಲಿ, ನೆಂಟರ ಹರಟೆಯಲ್ಲಿ, ಇನ್ನೇನು ಮುಗಿಯಬೇಕು ಅನ್ನುವಾಗ ನೋಡಿದರೆ ಅವನ ಕುರ್ಚಿ ಖಾಲಿ. ನನ್ನ ಮದುವೆಯ ದಿನ ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋದಲ್ಲಿ ಗಂಡಿನ ಕಡೆಯ ಅಡುಗೆಯವನೂ ಇದ್ದಾನೆ, ಹುಡುಗಿಯ ಅಪ್ಪ ಇಲ್ಲ. ಆಗ ಅವನು ಹೊರಗೆ ನಿಂತು, ಹೊರಟವರ ಕಾರುಗಳನ್ನು "ಬರ್ಲಿ ಬರ್ಲಿ, ಇನ್ನೂ ಬರ್ಲಿ" ಅಂತ ಹಿಂದೆ ತೆಗೆಸುತ್ತಿದ್ದ. ಅದನ್ನು ನಾನು ನಕ್ಕು ಮರೆತೆ. ಮರೆಯದೆ ಉಳಿದದ್ದು ನಾಟಕದ ಸಂಗತಿ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲೊಂದು ನಾಟಕ ಆಡಿದೆವು. ರಾಜನ ಕುದುರೆ ಕಳೆದುಹೋಗುತ್ತದೆ. ಮಂತ್ರಿ ಹುಡುಕುತ್ತಾನೆ, ಸೇನಾಪತಿ ಹುಡುಕುತ್ತಾನೆ, ಪಕ್ಕದ ರಾಜ್ಯದ ಮೇಲೆ ಯುದ್ಧವೇ ಆಗುವುದರಲ್ಲಿರುತ್ತದೆ. ನಾನು ಕುದುರೆ ಲಾಯದ ಕಸ ಗುಡಿಸುವವಳು. ನಾಟಕದ ಉದ್ದಕ್ಕೂ ಒಂದು ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿರಬೇಕು, ಚಕಾರ ಎತ್ತುವಂತಿಲ್ಲ. ಎಲ್ಲ ಮುಗಿದು, ರಾಜ ಕತ್ತಿ ಎತ್ತಿದಾಗ, ಕಟ್ಟಕಡೆಗೆ ಒಂದೇ ಮಾತು ನನ್ನದು: "ಕುದುರೆ ಲಾಯದಲ್ಲೇ ಇದೆ ಮಹಾಪ್ರಭು. ನನ್ನನ್ನು ಯಾರೂ ಕೇಳಲೇ ಇಲ್ಲ."

ಆ ಒಂದು ಮಾತಿಗಾಗಿ ನಾನು ಕನ್ನಡಿಯ ಮುಂದೆ ನಿಂತೂ ನಿಂತೂ ಅಮ್ಮನ ತಲೆ ತಿಂದಿದ್ದೆ. ಅಪ್ಪನಿಗೆ ಮಾತ್ರ ಅದನ್ನು ಹೇಳಿ ತೋರಿಸಲಿಲ್ಲ. ಅವನು ನಾಟಕದಲ್ಲೇ ಮೊದಲು ಕೇಳಲಿ ಅಂತ ಬಚ್ಚಿಟ್ಟುಕೊಂಡಿದ್ದೆ. ಅಪ್ಪ ಆ ಸಂಜೆ ಸ್ಟ್ಯಾಂಡಿಗೆ ಬೇರೆಯವರನ್ನು ನಿಲ್ಲಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಮೂರನೇ ಸಾಲಿನಲ್ಲಿ ಕೂತ. ನಾನು ಪೊರಕೆ ಹಿಡಿದು ನಿಂತಷ್ಟು ಹೊತ್ತೂ ಅವನನ್ನೇ ನೋಡುತ್ತಿದ್ದೆ. ರಾಜ ಕತ್ತಿ ಎತ್ತಿದ. ನಾನು ಮುಂದೆ ಬಂದು ಬಾಯಿ ತೆರೆದರೆ ಅಮ್ಮನ ಪಕ್ಕದ ಕುರ್ಚಿ ಖಾಲಿಯಿತ್ತು.

ಮಾತು ಹೇಳಿದೆ. ಜನ ನಕ್ಕರಂತೆ, ಚಪ್ಪಾಳೆ ಹೊಡೆದರಂತೆ, ನನಗೊಂದೂ ಕೇಳಿಸಲಿಲ್ಲ. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅಪ್ಪ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ ಕೂಡ. ಅದೊಂದು ಮಾತ್ರ ಬಂದದ್ದು ಹೋಗಲಿಲ್ಲ. ನನಗೆ ಮದುವೆಯಾಗಿ, ಮಕ್ಕಳು ದೊಡ್ಡವರಾಗಿ, ನಾನೇ ಕನ್ನಡಕ ಹಾಕುವಂತಾದರೂ ಹೋಗಲಿಲ್ಲ.

ಈ ನಡುವೆ ಟಾಕೀಸನ್ನು ಕೆಡವಿದರು. ಅದೇ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿತು. ಕೆಳಗೆ ಅಂಗಡಿಗಳು, ಮೇಲಿನ ಮಹಡಿಯಲ್ಲಿ ಒಂದರ ಪಕ್ಕ ಒಂದು ಪುಟ್ಟಪುಟ್ಟ ಸಿನಿಮಾ ಹಾಲುಗಳು, ಗಾಡಿಗಳಿಗೆ ನೆಲಮಾಳಿಗೆ. ಸ್ಟ್ಯಾಂಡೂ ಹೋಯಿತು, ಟೋಕನ್ನೂ ಹೋಯಿತು. ಅಪ್ಪ ಮನೆಯಲ್ಲಿ ಕೂತು ಬೆಳಗಿನ ಕಾಫಿ ಮಾಡುವ ಕೆಲಸ ವಹಿಸಿಕೊಂಡ. ಆಮೇಲೆ ಒಂದು ಸಿನಿಮಾಕ್ಕೂ ಹೋಗಲಿಲ್ಲ. ಕರೆದರೆ, "ನಿಂತು ನೋಡಿದವನಿಗೆ ಕೂತು ನೋಡೋದು ಒಗ್ಗಲ್ಲ ಬಿಡು" ಅನ್ನುತ್ತಿದ್ದ.

ಹೀಗಿರುವಾಗ ಹಡಗಿನ ಸಿನಿಮಾ ಮತ್ತೆ ಬಂತು.

ಅದು ನಮ್ಮಪ್ಪನ ಕಾಲದ ಸಿನಿಮಾ. ನಮ್ಮ ಟಾಕೀಸಿನಲ್ಲಿ ತಿಂಗಳುಗಟ್ಟಲೆ ಓಡಿತ್ತು. ತಮ್ಮ ಮಾಡಿದ ತಪ್ಪನ್ನು ಅಣ್ಣ ತನ್ನ ಮೇಲೆ ಹಾಕಿಕೊಂಡು, ಊರು ಬಿಟ್ಟು ಹಡಗು ಹತ್ತಿ ಹೋಗುವ ಕತೆ. ಈಗ ಅದನ್ನು ತೊಳೆದು ಬಳಿದು ಹೊಸದರಂತೆ ಮಾಡಿ, ಆ ಗಾಜಿನ ಕಟ್ಟಡದಲ್ಲಿ ಮಧ್ಯಾಹ್ನದ ಆಟಕ್ಕೆ ಹಾಕಿದ್ದರು. ನಮ್ಮ ಮನೆಯಲ್ಲಿ ಆ ಸಿನಿಮಾದ ಹೆಸರೆತ್ತಿದರೆ ಸಾಕು, ಜಗಳ. ಕೊನೆಗೆ ಅಣ್ಣ ಬದುಕಿ ವಾಪಸು ಬರುತ್ತಾನೆ ಅನ್ನುವುದು ಅಪ್ಪನ ವಾದ. ಬರುವುದಿಲ್ಲ, ಬರೀ ಅವನ ಟೋಪಿ ದಡಕ್ಕೆ ತೇಲಿ ಬರುತ್ತದೆ ಅನ್ನುವುದು ಅಮ್ಮನ ವಾದ.

"ನಾನು ನಮ್ಮಕ್ಕನ ಜೊತೆ ಹೋಗಿ ಕಣ್ಣಾರೆ ನೋಡಿದೀನಿ," ಅಂದಳು ಅಮ್ಮ, ಆ ದಿನವೂ. "ಟಿಕೆಟ್ ತಗೊಂಡು, ಕುರ್ಚಿ ಮೇಲೆ ಕೂತು. ನಿಮ್ಮ ಹಾಗೆ ಗೋಡೆಗೆ ಒರಗಿ ಅರ್ಧಂಬರ್ಧ ನೋಡಿಲ್ಲ."

"ನೋಡಿದ್ರೆ ನೋಡ್ಕೋ. ಅಣ್ಣ ಬರ್ತಾನೆ."

"ಅವನು ಸತ್ತು ಎಷ್ಟು ವರ್ಷ ಆಯ್ತು, ಇನ್ನೂ ಬರ್ತಾನಂತೆ."

ನಾನು ನಡುವೆ ಬಾಯಿ ಹಾಕಿದೆ. "ಹೋಗಿ ನೋಡಿಬಿಡೋಣ. ಮೂವರೂ ಹೋಗೋಣ. ಆದ್ರೆ ಅಪ್ಪ, ನೀನು ಕೊನೇವರೆಗೂ ಕೂತಿರ್ಬೇಕು."

ಅಮ್ಮ ಪಂಥ ಕಟ್ಟಿದಳು. ಅಣ್ಣ ಬಂದರೆ ನಾಳೆಯಿಂದ ಬೆಳಗಿನ ಕಾಫಿ ಅಮ್ಮನದು, ಬರದಿದ್ದರೆ ಅಪ್ಪ ಇನ್ನು ಜನ್ಮದಲ್ಲಿ ಯಾವ ಸಿನಿಮಾದ ಕೊನೆಯನ್ನೂ ಹೇಳಕೂಡದು. ಅಪ್ಪನಿಗೆ ಅದು ತಾಗಿತು. "ಆಯ್ತು, ನಡೀರಿ" ಅಂದ.

"ಕೂರ್ತೀಯಾ?" ಅಂತ ನಾನು ಮತ್ತೆ ಕೇಳಿದೆ.

"ಕೂರ್ತೀನಿ ಕಣೇ. ಕಂಬಕ್ಕೆ ಕಟ್ಟಿ ಹಾಕ್ತೀಯಾ ಏನು?"

ಕಟ್ಟಿ ಹಾಕುವ ಏರ್ಪಾಟನ್ನೇ ಮಾಡಿದೆ. ಫೋನಿನಲ್ಲಿ ಸೀಟು ಆರಿಸುವಾಗ ಸಾಲಿನ ನಟ್ಟನಡುವೆ ಮೂರು ಹಿಡಿದೆ, ಒಂದು ಕಡೆ ಅಮ್ಮ, ಇನ್ನೊಂದು ಕಡೆ ನಾನು, ನಡುವೆ ಅಪ್ಪ. ಹೊರಗೆ ಹೋಗಬೇಕಾದರೆ ಅವನು ಯಾರಾದರೊಬ್ಬರ ಮೊಣಕಾಲು ದಾಟಲೇಬೇಕು. ಅಣ್ಣ ಬರುತ್ತಾನೋ ಟೋಪಿ ಬರುತ್ತದೋ ನನಗೆ ಎಳ್ಳಷ್ಟೂ ಚಿಂತೆಯಿರಲಿಲ್ಲ. ಒಂದೇ ಒಂದು ಸಲ ಅಪ್ಪ ನನ್ನ ಪಕ್ಕದಲ್ಲಿ ಕೊನೆಯವರೆಗೆ ಕೂತಿರಬೇಕು, ದೀಪ ಹತ್ತಿದಾಗ ತಿರುಗಿ ನೋಡಿದರೆ ಅವನು ಅಲ್ಲಿರಬೇಕು. ನನಗೆ ಬೇಕಾದದ್ದು ಅಷ್ಟು.

ಸ್ಕೂಲಿನ ಕಾರಿನಲ್ಲೇ ಹೊರಟೆವು. ಕಲಿಸುವ ಕಾರಾದ್ದರಿಂದ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕಿದೆ. ಕಲಿಯುವವರು ಎಡವಟ್ಟು ಮಾಡಿದಾಗ ನಾನು ಒತ್ತುವುದು ಅದನ್ನೇ. ಅಪ್ಪನಿಗೆ ಕಾಲು ಮಡಚಿಕೊಂಡು ಕೂರಲು ಹೇಳಿದೆ. ಅಮ್ಮ ಹಿಂದೆ ಕೂತಳು.

ನೆಲಮಾಳಿಗೆಯ ಬಾಯಲ್ಲಿ ಒಂದು ಯಂತ್ರ ಚೀಟಿ ಉಗುಳಿತು, ಅಡ್ಡಗೋಲು ಮೇಲೆದ್ದಿತು. ಅಪ್ಪ ಆ ಕಡೆ ಈ ಕಡೆ ನೋಡಿದ.

"ಗಾಡಿ ಯಾರಿಗೆ ಕೊಡೋದು?"

"ಯಾರಿಗೂ ಇಲ್ಲ. ನಾವೇ ನಿಲ್ಲಿಸಿ ಹೋಗೋದು."

"ಮತ್ತೆ ಕಾಯೋರು?"

ನಾನು ಛಾವಣಿಯ ಕ್ಯಾಮೆರಾ ತೋರಿಸಿದೆ. ಅಪ್ಪ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸಾಲು ಸಾಲು ಕಾರುಗಳ ನಡುವೆ ನಡೆಯುತ್ತಾ ಗೊಣಗಿದ. "ಎಲ್ಲಾ ಮೂತಿ ಗೋಡೆಗೆ ಹಾಕಿ ನಿಲ್ಸಿದಾರೆ. ಹೊರಡುವಾಗ ಎಲ್ಲರೂ ಒಟ್ಟಿಗೆ ಹಿಂದೆ ತೆಗೀಬೇಕಲ್ಲ. ಯಾರೂ ಹೇಳೋರಿಲ್ವಾ ಇವರಿಗೆ." ಈ ವಿಷಯದಲ್ಲಿ ನಾನು ನಮ್ಮಪ್ಪನ ಮಗಳೇ. ನಮ್ಮ ಕಾರನ್ನು ಹಿಂದೆ ಹಿಂದೆ ತೆಗೆದು ಮೂತಿ ಹೊರಗೆ ಬರುವಂತೆ ನಿಲ್ಲಿಸಿದ್ದೆ.

ಮೇಲೆ ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನ ಫೋನಿನ ಮೇಲೆ ಕೆಂಪು ಬೆಳಕು ಹಾಯಿಸಿ "ಹೋಗಿ ಮೇಡಂ" ಅಂದಳು. ಅಪ್ಪ ಕೈ ಚಾಚಿಕೊಂಡೇ ನಿಂತಿದ್ದ. ಹರಿದ ಟಿಕೆಟಿನ ಅರ್ಧ ಕೊಡುತ್ತಾಳೆ ಅಂದುಕೊಂಡಿದ್ದನಂತೆ. ಒಳಗೆ ಕಾಲಡಿ ಮೆತ್ತನೆ ಹಾಸು, ಮೈ ಕೊರೆಯುವ ತಂಪು. ಜನ ಮಾತಾಡುತ್ತಿದ್ದರೋ ಇಲ್ಲವೋ ತಿಳಿಯದಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ನಮ್ಮ ಟಾಕೀಸಿನಲ್ಲಿ ಪಿಸುಗುಟ್ಟುವವರನ್ನು ಅನುಮಾನದಿಂದ ನೋಡುತ್ತಿದ್ದರು. ಅಮ್ಮನ ಕೈಗೆ ನಾನು ಪಾಪ್‌ಕಾರ್ನ್ ಕೊಡಿಸಿದೆ. ಅವಳು ಆ ಡಬ್ಬ ನೋಡಿ, "ಇದನ್ನ ತಿನ್ನೋದಾ, ಇದರಲ್ಲಿ ನೀರು ತುಂಬಿಡೋದಾ?" ಅಂದಳು.

ಕುರ್ಚಿಯ ಕತೆ ಬೇರೆ. ಗುಂಡಿ ಒತ್ತಿದರೆ ಬೆನ್ನು ಹಿಂದಕ್ಕೆ ಹೋಗುತ್ತದೆ, ಕಾಲು ಮೇಲಕ್ಕೆ ಬರುತ್ತದೆ. ಅಪ್ಪನ ಕುರ್ಚಿಯ ಗುಂಡಿಯನ್ನು ನಾನೇ ಒತ್ತಿ ಅವನನ್ನು ಅರ್ಧ ಮಲಗಿಸಿಬಿಟ್ಟೆ. "ಆಸ್ಪತ್ರೆ ಇದ್ದ ಹಾಗಿದೆ" ಅಂದ. ಹಾಗೆ ಮಲಗಿದವನು ಬೇಗ ಏಳಲಾರ ಅನ್ನುವ ನನ್ನ ಲೆಕ್ಕಾಚಾರ ಅವನಿಗೆ ತಿಳಿಯಲಿಲ್ಲ.

ದೀಪ ಆರಿತು. ಅಪ್ಪ ಜೀವನದಲ್ಲಿ ಮೊದಲ ಸಲ ಒಂದು ಸಿನಿಮಾದ ಮೊದಲನ್ನು ನೋಡಿದ. ಹೆಸರುಗಳನ್ನು ಒಂದೂ ಬಿಡದೆ ತುಟಿಯಲ್ಲೇ ಓದಿಕೊಂಡ. ಮೊದಲ ದೃಶ್ಯದಲ್ಲಿ ಸಮುದ್ರದ ದಡದಲ್ಲಿ ಒಬ್ಬ ಹೆಂಗಸಿಗೆ ಬುಟ್ಟಿಯಲ್ಲಿ ಒಂದು ಕೂಸು ಸಿಗುತ್ತದೆ. ಆ ಕೂಸೇ ದೊಡ್ಡವನು, ಚಿಕ್ಕವನು ಆಮೇಲೆ ಅವಳ ಹೊಟ್ಟೆಯಲ್ಲಿ ಹುಟ್ಟಿದವನು. ಅಪ್ಪ ಮಲಗಿದ್ದಲ್ಲಿಂದ ತಲೆ ಎತ್ತಿದ.

"ಅಯ್ಯೋ, ಸಿಕ್ಕಿದ ಮಗುನಾ ಅವನು? ಅದಕ್ಕೇ ಅವಳು ಯಾವಾಗಲೂ ದೊಡ್ಡವನಿಗೇ ಮೊದಲು ಬಡಿಸೋದು. ನಾನು ಇಷ್ಟು ವರ್ಷ ಚಿಕ್ಕವನ ಮೇಲೆ ಅವಳಿಗೆ ಪ್ರೀತಿ ಕಡಿಮೆ ಅಂದ್ಕೊಂಡಿದ್ದೆ."

"ಮೊದಲಿಂದ ನೋಡಿದ್ರೆ ಗೊತ್ತಾಗ್ತಿತ್ತು," ಅಂದಳು ಅಮ್ಮ, ಪಾಪ್‌ಕಾರ್ನ್ ಅಗಿಯುತ್ತಾ.

ಅಪ್ಪ ಎಷ್ಟು ಖುಷಿಯಾದನೆಂದರೆ ನನಗೂ ಒಂದು ಕ್ಷಣ ನನ್ನ ಹಳೆಯ ಸಿಟ್ಟು ನೆನಪಿರಲಿಲ್ಲ. ನಡುವಿನ ಭಾಗವೆಲ್ಲ ಅವನಿಗೆ ಬಾಯಿಪಾಠ. ತೆರೆಯ ಮೇಲಿನವರು ಹೇಳುವ ಮುಂಚೆ ಇವನೇ ಹೇಳುತ್ತಿದ್ದ. ಮುಂದಿನ ಸಾಲಿನವನೊಬ್ಬ ತಿರುಗಿ ನೋಡಿದ. ನಾನು ಅವನನ್ನು, ಸಿಗ್ನಲ್ ದಾಟುವವರನ್ನು ನೋಡುವ ಹಾಗೆ ನೋಡಿದೆ. ಅವನು ಮತ್ತೆ ತನ್ನ ಫೋನಿಗೆ ವಾಪಸಾದ.

ಇಂಟರ್‌ವಲ್ಲಿಗೂ ಅಪ್ಪ ಏಳಲಿಲ್ಲ. ನನಗೆ ಧೈರ್ಯ ಬಂತು. ಎರಡನೇ ಅರ್ಧ ಸರಾಗವಾಗಿ ಸಾಗಿತು. ಅಣ್ಣ ಹಡಗಿನಲ್ಲಿ ಬೆವರು ಸುರಿಸಿದ, ತಮ್ಮ ಊರಿನಲ್ಲಿ ಪಶ್ಚಾತ್ತಾಪ ಪಟ್ಟ, ತಾಯಿ ಎರಡು ತಟ್ಟೆ ಇಟ್ಟು ಒಂದನ್ನು ಎತ್ತಿಟ್ಟಳು. ಆಮೇಲೆ ಬಿರುಗಾಳಿ ಎದ್ದಿತು. ಹಡಗು ಮುರಿಯಿತೆಂಬ ಸುದ್ದಿ ಬಂತು. ತಮ್ಮ ಲಾಂದ್ರ ಹಿಡಿದು ದಡಕ್ಕೆ ಓಡಿದ.

ಆಗ ಅಪ್ಪನ ಪಾದಗಳು ಅಲುಗಿದವು.

ನಾನು ತೆರೆ ಬಿಟ್ಟು ಅವನನ್ನೇ ನೋಡಿದೆ. ಕಣ್ಣು ಸಿನಿಮಾದ ಮೇಲೇ ಇತ್ತು, ಕಾಲು ಮಾತ್ರ ನೆಲ ಹುಡುಕುತ್ತಿತ್ತು. ಅವನ ಮಣಿಕಟ್ಟು ಹಿಡಿದುಕೊಂಡೆ.

"ಅಪ್ಪ, ಗಾಡಿ ಇಲ್ಲ, ಸ್ಟ್ಯಾಂಡೂ ಇಲ್ಲ. ಕೂತ್ಕೋ."

"ಕೂತಿದೀನಲ್ಲ," ಅಂದ. ಆ ತಂಪಿನಲ್ಲೂ ಅವನ ಹಣೆ ಬೆವರಿತ್ತು. ತೆರೆಯ ಮೇಲೆ ಅಲೆಗಳು ಏಳುತ್ತಿದ್ದವು, ತಮ್ಮ ಅಣ್ಣನ ಹೆಸರು ಹಿಡಿದು ಕೂಗುತ್ತಿದ್ದ. ಅಪ್ಪ ಉಸಿರು ಬಿಗಿಹಿಡಿದು, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತ. ನಿಜವಾಗಿ ಪ್ರಯತ್ನಪಟ್ಟ, ಅದನ್ನು ನಾನು ಒಪ್ಪುತ್ತೇನೆ. ಆಮೇಲೆ ಮೆಲ್ಲಗೆ ಹೇಳಿದ. "ಕೈ ಬಿಡೇ. ಜನ ಬಂದುಬಿಡ್ತಾರೆ."

ಏಳಲೆಂದು ಗುಂಡಿ ಒತ್ತಿದ. ತಪ್ಪು ಗುಂಡಿ. ಕುರ್ಚಿ ಇನ್ನೂ ಹಿಂದಕ್ಕೆ ಹೋಗಿ ಅವನು ಅಂಗಾತ ಮಲಗಿಬಿಟ್ಟ. ನನಗೆ ನಗುವೂ ಬಂತು, ಇನ್ನು ಎಲ್ಲೂ ಹೋಗಲಾರ ಅಂತ ಸಮಾಧಾನವೂ ಆಯಿತು. ಅಷ್ಟರಲ್ಲಿ ಅವನು ಪಕ್ಕಕ್ಕೆ ಹೊರಳಿ, ಕೆಳಗಿಳಿದು, ಅಮ್ಮನ ಮೊಣಕಾಲು ದಾಟಿ ಕತ್ತಲಲ್ಲಿ ನಡೆದೇಬಿಟ್ಟ. ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಅಲ್ಲಿ ಬ್ರೇಕಿರಲಿಲ್ಲ.

"ಅಮ್ಮ, ನೋಡು, ಹೋಗೇಬಿಟ್ಟ."

"ಹೋದ್ರೆ ಹೋಗ್ಲಿ," ಅಂದಳು ಅಮ್ಮ, ತೆರೆಯಿಂದ ಕಣ್ಣು ತೆಗೆಯದೆ. "ಈ ಸಲ ಮಾತ್ರ ನಾನು ಏಳಲ್ಲ."

ಸಿಟ್ಟಿನಲ್ಲಿ ನಾನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಯಾರಯಾರದೋ ಕಾಲು ತುಳಿದುಕೊಂಡು ಹೊರಗೆ ಬಂದೆ. ಅಪ್ಪ ಲಿಫ್ಟಿನ ಕಡೆ ಹೋಗಿರಲಿಲ್ಲ. ಹೊರಬಾಗಿಲ ಪಕ್ಕದಲ್ಲಿ, ಬರುವವರಿಗೆ ಅಡ್ಡವಾಗದ ಹಾಗೆ ಗೋಡೆಗೆ ಒರಗಿ ನಿಂತಿದ್ದ. ಎಷ್ಟು ನಿರಾಳವಾಗಿದ್ದನೆಂದರೆ ನನಗೆ ಮೈ ಉರಿಯಿತು.

"ಒಂದು ಸಲ ಅಪ್ಪ. ಒಂದೇ ಒಂದು ಸಲ ಕೂತ್ಕೋ ಅಂದೆ. ಆಗಲಿಲ್ಲ ಅಲ್ವಾ ನಿನಗೆ?"

"ಕೊನೆ ಇಲ್ಲೇ ಬರುತ್ತೆ ಕಣೇ. ನಿಲ್ಲು ಸ್ವಲ್ಪ."

"ನನ್ನ ನಾಟಕದ ದಿನಾನೂ ಹೀಗೇ ಎದ್ದು ಹೋದೆ. ಇಡೀ ನಾಟಕದಲ್ಲಿ ನನಗಿದ್ದಿದ್ದು ಒಂದು ಮಾತು. ಅದನ್ನ ನಾನು ಖಾಲಿ ಕುರ್ಚಿಗೆ ಹೇಳಿದೆ, ಗೊತ್ತಾ ನಿನಗೆ?"

ಹೇಳಿಬಿಟ್ಟೆ. ಅಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಆ ಮೆತ್ತನೆ ಹಾಸಿನ ಮೇಲೆ, ಪಾಪ್‌ಕಾರ್ನ್ ವಾಸನೆಯ ನಡುವೆ ಬಿತ್ತು. ಅಪ್ಪ ನನ್ನನ್ನು ಅರ್ಥವಾಗದವನಂತೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಬಂದ್ರು," ಅಂದ. "ತಾಳು, ಇದನ್ನ ನೋಡು ಮೊದಲು. ಆಮೇಲೆ ಮಾತಾಡೋಣ."

ಮೊದಲು ಬಂದವರು ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರೂ ಫೋನಿನಲ್ಲಿ ಮುಖ ಹುದುಗಿಸಿದ್ದರು. "ಇವರದ್ದು ಗೊತ್ತಾಗಲ್ಲ, ಬಿಡು," ಅಂದ ಅಪ್ಪ. ಅವರ ಹಿಂದೆ ಒಂದು ಸಂಸಾರ, ಆಮೇಲೆ ನಾಲ್ಕಾರು ಗೆಳತಿಯರು. ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಹೊಸಬರನ್ನು ದಿಟ್ಟಿಸುವ ಹಾಗಲ್ಲ, ದಿನಾ ಬರುವವರನ್ನು ಮಾತಾಡಿಸುವ ಹಾಗೆ.

"ಸಾಯೋ ಸಿನಿಮಾ ಆದ್ರೆ ಜನ ಬಿಡಿಬಿಡಿಯಾಗಿ ಬರ್ತಾರೆ," ಅಂದ, ಕಣ್ಣು ತೆಗೆಯದೆ. "ಟೋಕನ್ ಎಲ್ಲಿಟ್ಟೆ ಅಂತ ಎಲ್ಲಾ ಜೇಬೂ ತಡಕ್ತಾರೆ. ಗಂಡ ಹೆಂಡತಿ ಆದ್ರೆ ಮಾತಾಡದೆ ಗಾಡಿ ಹತ್ತುತಾರೆ. ಒಂದಾಗೋ ಸಿನಿಮಾ ಆದ್ರೆ ಗುಂಪಾಗಿ ಬರ್ತಾರೆ, ನಾನು ಗಾಡಿ ತಡ ಮಾಡಿದ್ರೂ ಬೈಯಲ್ಲ. ಈ ಹಡಗಿನ ಸಿನಿಮಾ ಇತ್ತಲ್ಲ, ಇದು ಓಡ್ತಿದ್ದಷ್ಟು ದಿನ ಗಂಡಸರು ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡೇ ಬರೋರು. ಅಣ್ಣ ಸತ್ತಿದ್ರೆ ಯಾರಾದ್ರೂ ಹೆಗಲ ಮೇಲೆ ಕೂರಿಸ್ಕೋತಾರಾ ಹೇಳು."

ಅವನ ಪಕ್ಕದಲ್ಲಿ ನಿಂತು ನಾನೂ ನೋಡಿದೆ. ವಯಸ್ಸಾದ ಇಬ್ಬರು ಗಂಡಸರು ಬಂದರು. ಒಂದೇ ಮೂಗು, ಒಂದೇ ನಡಿಗೆ, ಅಣ್ಣತಮ್ಮಂದಿರೇ ಇರಬೇಕು. ಒಬ್ಬ ಇನ್ನೊಬ್ಬನ ಬೆನ್ನಿಗೆ ಗುದ್ದಿ ಏನೋ ಹೇಳಿದ, ಇನ್ನೊಬ್ಬ ಕಣ್ಣೊರೆಸಿಕೊಂಡು ನಕ್ಕ. ಇಬ್ಬರೂ ಎಸ್ಕಲೇಟರ್ ಎಲ್ಲಿದೆಯೆಂದು ಮರೆತು ಗೋಡೆಯ ಕಡೆ ನಡೆದು, ಮತ್ತೆ ನಗುತ್ತಾ ವಾಪಸಾದರು.

"ಬಂದಿದ್ದಾನೆ ಅಣ್ಣ," ಅಂದ ಅಪ್ಪ. ಅವನ ಮುಖ ಅರಳಿತ್ತು.

ಕಟ್ಟಕಡೆಗೆ ಅಮ್ಮ ಬಂದಳು, ಪಾಪ್‌ಕಾರ್ನ್ ಡಬ್ಬ ತಬ್ಬಿಕೊಂಡು. ಕಣ್ಣು ಕೆಂಪಾಗಿತ್ತು, ತುಟಿ ಬಿಗಿದಿತ್ತು. ನಮ್ಮನ್ನು ಕಂಡರೂ ಕಾಣದವಳಂತೆ ಮುಂದೆ ಹೋಗಲು ನೋಡಿದಳು.

"ಏನೇ, ಬಂದ ತಾನೇ?"

"ಟೋಪಿ ಬಂತು."

"ಆಮೇಲೆ?"

ಅಮ್ಮ ಡಬ್ಬದ ತಳದಲ್ಲಿ ಏನೋ ಹುಡುಕಿದಳು. "ಆಮೇಲೆ ಅವನೂ ಬಂದ. ಟೋಪಿ ಕಂಡ ಕೂಡಲೇ ನಮ್ಮಕ್ಕ ಅಳ್ತಾ ಎದ್ದುಬಿಟ್ಟಿದ್ಲು ಅವತ್ತು. ನನ್ನ ಕೈ ಹಿಡಿದು ಎಳ್ಕೊಂಡು ಹೊರಗೆ ಬಂದ್ಲು. ಅದಾದ ಮೇಲೆ ಇನ್ನೂ ಇದೆ ಅಂತ ಯಾರಿಗೆ ಗೊತ್ತಿತ್ತು?"

ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಮದುವೆಯಾದಂದಿನಿಂದ ಒಂದು ಸಿನಿಮಾದ ಕೊನೆಗಾಗಿ ಜಗಳವಾಡಿದ ಗಂಡ ಹೆಂಡತಿ ಇಬ್ಬರೂ ಅದನ್ನು ನೋಡಿರಲಿಲ್ಲ. ಅಪ್ಪ ಗೆದ್ದೆನೆಂದು ಬೀಗಲಿಲ್ಲ. ಅಮ್ಮನ ಕೈಯಿಂದ ಡಬ್ಬ ಇಸಿದುಕೊಂಡು, "ಕಾಫಿ ನಾನೇ ಮಾಡ್ತೀನಿ ಬಿಡು, ನೀನು ಮಾಡಿದ್ರೆ ನೀರಾಗಿರುತ್ತೆ" ಅಂದ. ಇಬ್ಬರೂ ಮುಂದೆ ಮುಂದೆ ನಡೆದರು. ನಾನು ಹಿಂದೆ ಉಳಿದೆ. ನಗು ನಿಂತ ಮೇಲೆ ನೋಡಿಕೊಂಡರೆ, ನನ್ನ ಹಳೆಯ ಸಿಟ್ಟು ಇನ್ನೂ ಅಲ್ಲೇ ಇತ್ತು. ಪಕ್ಕದ ಕುರ್ಚಿ ಈ ಸಲವೂ ಖಾಲಿಯಾಗಿತ್ತು ತಾನೇ?

ನೆಲಮಾಳಿಗೆಯಲ್ಲಿ ಅಪ್ಪ ಹೇಳಿದ್ದೇ ಆಗಿತ್ತು. ಎಲ್ಲರೂ ಒಟ್ಟಿಗೆ ಕಾರು ಹಿಂದೆ ತೆಗೆಯುತ್ತಾ, ಹಾರ್ನ್ ಹೊಡೆಯುತ್ತಾ ಸಿಕ್ಕಿಹಾಕಿಕೊಂಡಿದ್ದರು. ನಾವು ನೇರ ಹೊರಟು ಸಾಲಿಗೆ ಸೇರಿದೆವು. ಅಪ್ಪ ಹೇಳಿಸಿಕೊಳ್ಳದೆಯೇ ಕಾಲು ಮಡಚಿಕೊಂಡು ಕೂತಿದ್ದ. ಸಾಲು ಇಂಚಿಂಚಾಗಿ ಸಾಗುತ್ತಿತ್ತು.

"ನಾಟಕದ ದಿನ ನಾನು ಎಲ್ಲಿಗೆ ಹೋದೆ ಅಂದ್ಕೊಂಡಿದೀಯ?" ಅಂತ ಕೇಳಿದ, ಮುಂದಿನ ಗಾಜಿನ ಹೊರಗೆ ನೋಡುತ್ತಾ.

"ಇನ್ನೆಲ್ಲಿಗೆ? ಗಾಡಿಗಳ ಹತ್ರ."

"ನಿಮ್ಮ ಶಾಲೆಗೆ ಯಾರು ಗಾಡಿ ತರ್ತಿದ್ರೇ ಆಗ? ಗೇಟಿನ ಹತ್ರ ನಿಂತಿದ್ದೆ."

ನಾನು ಅವನ ಕಡೆ ತಿರುಗಿದೆ.

"ನಿಮ್ಮ ಹೆಡ್‌ಮೇಡಂ ಬಂದ್ರು ಮೊದಲು, ಸೆರಗಿನಲ್ಲಿ ಕಣ್ಣೊರೆಸ್ಕೊಂಡು ನಗ್ತಾ. ಅವರು ನಕ್ಕಿದ್ದನ್ನ ನಾನು ನೋಡಿದ್ದು ಅವತ್ತೊಂದೇ ದಿನ. ಆಮೇಲೆ ಟೈಲರು, ಅವನ ಹೆಂಡತಿ. ಅವಳು ನಿನ್ನ ಧ್ವನೀಲೇ ನಿನ್ನ ಮಾತು ಹೇಳ್ತಾ ಬಂದ್ಲು. ಹಿಂದೆ ಬಂದೋರೂ ಹೇಳ್ತಾ ಬಂದ್ರು. ಒಬ್ಬೊಬ್ಬರು ಒಂದೊಂದು ಥರ ತಪ್ಪು ಹೇಳೋರು. ಕೊನೆಗೆ ನಿಮ್ಮ ಲೆಕ್ಕದ ಮೇಷ್ಟ್ರು ಬಂದು ಸರಿಯಾಗಿ ಹೇಳಿದ್ರು. ಒಂದು ಮಗು ಅಪ್ಪನ ಹೆಗಲ ಮೇಲೆ ಕೂತು ಬೀದಿ ಕೊನೇವರೆಗೂ ಕೂಗ್ತಾ ಹೋಯ್ತು. ಅಷ್ಟು ಚೆನ್ನಾಗಿ ಮುಗಿದಿದ್ದನ್ನ ನಾನು ಟಾಕೀಸಿನಲ್ಲೂ ನೋಡಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳೋದೇನು? ನೀನು ಅಲ್ಲೇ ಇದ್ಯಲ್ಲ, ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ. ಮನೆಗೆ ಬಂದು ನೋಡಿದ್ರೆ ನೀನು ಮಲಗಿಬಿಟ್ಟಿದ್ದೆ."

ನಮ್ಮ ಸರದಿ ಬಂತು. ಕಿಟಕಿಯಿಂದ ಕೈ ಹಾಕಿ ಯಂತ್ರದ ಬಾಯಿಗೆ ಚೀಟಿ ಕೊಟ್ಟೆ. ಅಡ್ಡಗೋಲು ಮೇಲೆದ್ದಿತು. ಅಪ್ಪ ಎರಡೂ ಕೈ ಮುಂದೆ ಮಾಡಿ, ಇಲ್ಲದ ಪೊರಕೆಯೊಂದನ್ನು ಹಿಡಿದು, ಸ್ವಲ್ಪ ತಗ್ಗಿದ ಧ್ವನಿಯಲ್ಲಿ ಹೇಳಿದ.

"ಕುದುರೆ ಲಾಯದಲ್ಲೇ ಇದೆ ಮಹಾಪ್ರಭು. ನನ್ನನ್ನು ಯಾರೂ ಕೇಳಲೇ ಇಲ್ಲ."

ಒಂದು ಅಕ್ಷರವೂ ಆಚೀಚೆ ಆಗಿರಲಿಲ್ಲ. 'ಮಹಾಪ್ರಭು' ಆದಮೇಲೆ ನಾನು ನಿಲ್ಲುತ್ತಿದ್ದಷ್ಟೇ ನಿಂತು, ಆಮೇಲೆ ಮುಂದಿನದು ಹೇಳಿದ್ದ. ಹಿಂದಿನ ಸೀಟಿನಲ್ಲಿ ಅಮ್ಮ ಮೂಗೊರೆಸಿಕೊಂಡಳು.

ಕಾರು ಮುಂದೆ ಹೋಗಲಿಲ್ಲ. ಅಪ್ಪ ಆ ಕಡೆಯ ಬ್ರೇಕ್ ಒತ್ತಿದ್ದಾನೆಂದುಕೊಂಡು ಬಗ್ಗಿ ನೋಡಿದೆ. ಅವನ ಕಾಲು ಮಡಚಿದಲ್ಲೇ ಇತ್ತು. ಒತ್ತಿ ಹಿಡಿದಿದ್ದದ್ದು ನನ್ನದೇ ಕಾಲು. ಹಿಂದಿನವನು ಹಾರ್ನ್ ಹೊಡೆದ, ಅವನ ಹಿಂದಿನವನೂ ಹೊಡೆದ.

"ಗಾಡಿ ತೆಗಿಯೇ, ಜನ ಕಾಯ್ತಿದಾರೆ," ಅಂದ ಅಪ್ಪ.

"ಕಾಯ್ಲಿ," ಅಂದೆ. "ಇನ್ನೊಂದು ಸಲ ಹೇಳಪ್ಪ."